ರಕ್ತಸಂಬಂಧವೂ ಸಾಕ್ಷಿಯ ಕಟಕಟೆಯೂ

ಘಟಪ್ರಭೆಯ ನೀರುಂಡು ಬೆಳೆದ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಹೊಲದ ಬದು, ಕಾಲುವೆ ನೀರಿನ ಪಾಳಿ, ಆಸ್ತಿಯ ಪಾಲು ಇವುಗಳಿಗಾಗಿ ನಡೆಯುವ ಜಗಳಗಳು ನಮಗೆ ಹೊಸವಲ್ಲ. ಅವುಗಳಲ್ಲಿ ಕೆಲವು ರಕ್ತಪಾತದಲ್ಲಿ ಕೊನೆಗೊಳ್ಳುವುದನ್ನೂ ನಾವು ಬಲ್ಲೆವು. ಆಗ ಪ್ರತಿಯೊಂದು ಮನೆಯಲ್ಲಿ ಹಿರಿಯರ ಬಾಯಿಂದ ಹೊರಡುವ ಮೊದಲ ಮಾತು ಒಂದೇ: ಮನೆಯ ಮಾತು ಹೊಸ್ತಿಲು ದಾಟಬಾರದು. ಈ ಮಾತು ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದೇ ಈ ವಾರ ನಮ್ಮ ವಿಚಾರದ ವಸ್ತು.

ಒಂದು ಸಂದರ್ಭವನ್ನು ಊಹಿಸೋಣ. ಒಂದು ಕೊಲೆ ನಡೆದಿದೆ. ಊರಿನ ಬಡ ಕೂಲಿಕಾರನೊಬ್ಬನಿಗೆ ಜೀವಾವಧಿ ಶಿಕ್ಷೆಯಾಗಿ ಆತ ಹಿಂಡಲಗಾ ಕಾರಾಗೃಹ ಸೇರಿದ್ದಾನೆ. ಆದರೆ ಆ ರಾತ್ರಿ ರಕ್ತ ಮೆತ್ತಿದ ಬಟ್ಟೆಯಲ್ಲಿ ಮನೆಗೆ ಬಂದವನು ತನ್ನ ಅಣ್ಣನೆಂಬುದನ್ನು ತಮ್ಮನೊಬ್ಬ ಕಣ್ಣಾರೆ ಕಂಡಿದ್ದಾನೆ. ಬಾಯಿ ಬಿಟ್ಟರೆ ಅಣ್ಣನ ಸಂಸಾರ ಬೀದಿಗೆ ಬೀಳುತ್ತದೆ; ಮುಚ್ಚಿಕೊಂಡರೆ ಕೂಲಿಕಾರನ ಸಂಸಾರ ಬೀದಿಯಲ್ಲೇ ಉಳಿಯುತ್ತದೆ. ಆ ತಮ್ಮ ಏನು ಮಾಡಬೇಕು?

ನಿರಪರಾಧಿಗಳಿಗೆ ಶಿಕ್ಷೆಯಾಗುವುದು ಕತೆ, ಸಿನಿಮಾಗಳಲ್ಲಿ ಮಾತ್ರ ಎಂದು ಭಾವಿಸುವವರು ನೆರೆಯ ಮಹಾರಾಷ್ಟ್ರದ ಪ್ರಕರಣವೊಂದನ್ನು ನೆನೆಯಬೇಕು. 2003ರ ಜೂನ್ ತಿಂಗಳಲ್ಲಿ ಜಾಲನಾ ಜಿಲ್ಲೆಯ ಭೋಕರದನ ಬಳಿ ಒಂದೇ ಕುಟುಂಬದ ಐವರ ಹತ್ಯೆಯಾಯಿತು. ಅಲೆಮಾರಿ ಬುಡಕಟ್ಟಿಗೆ ಸೇರಿದ ಆರು ಮಂದಿಯನ್ನು ಹಿಡಿಯಲಾಯಿತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆ ಆರೂ ಮಂದಿಗೆ ಮರಣದಂಡನೆ ಎಂದು ತೀರ್ಪಿತ್ತಿತು. ಮುಂದೆ ಅದೇ ನ್ಯಾಯಾಲಯ ತನ್ನ ತೀರ್ಪನ್ನು ಹಿಂತೆಗೆದುಕೊಂಡು ಮೇಲ್ಮನವಿಯನ್ನು ಮತ್ತೊಮ್ಮೆ ಆಲಿಸಿ, 2019ರ ಮಾರ್ಚ್ 5ರಂದು ಅವರನ್ನು ದೋಷಮುಕ್ತರೆಂದು ಘೋಷಿಸಿತು. ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸರಕಾರಕ್ಕೆ ಆಜ್ಞಾಪಿಸಿತು. ಬದುಕುಳಿದ ಪ್ರತ್ಯಕ್ಷದರ್ಶಿಯು ಮೊದಲಿಗೆ ಪೊಲೀಸರ ಭಾವಚಿತ್ರಗಳಲ್ಲಿ ಬೇರೆ ನಾಲ್ವರನ್ನು ಗುರುತಿಸಿದ್ದ ಸಂಗತಿಯನ್ನು ವಿಚಾರಣೆಯಲ್ಲಿ ಮುಚ್ಚಿಡಲಾಗಿತ್ತು. ಬಚ್ಚಿಟ್ಟ ಒಂದು ಸತ್ಯದ ಬೆಲೆ ಸುಮಾರು 16 ವರ್ಷಗಳ ಸೆರೆವಾಸ!

ನಮ್ಮ ರಾಜ್ಯದಲ್ಲಿಯೂ ಕುಶಾಲನಗರದ ಕಡೆಯ ಆದಿವಾಸಿಯೊಬ್ಬರು ಕಾಣೆಯಾದ ಹೆಂಡತಿಯನ್ನು ಕೊಂದರೆಂಬ ಆರೋಪದ ಮೇಲೆ ಸುಮಾರು ಒಂದೂವರೆ ವರ್ಷ ಸೆರೆಯಲ್ಲಿದ್ದರು. 2025ರ ಏಪ್ರಿಲ್‌ನಲ್ಲಿ ಆ ಮಹಿಳೆ ಮಡಿಕೇರಿಯಲ್ಲಿ ಜೀವಂತವಾಗಿ ಪತ್ತೆಯಾದರು. ಪರಿಚಿತರು ಕಂಡು ಸುಮ್ಮನಾಗದೆ ತಿಳಿಸಿದ್ದರಿಂದಲೇ ಸತ್ಯ ಹೊರಬಿದ್ದು, ಮೈಸೂರಿನ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಇದು ಶಿಕ್ಷೆಗೆ ಮುನ್ನವೇ ಬಯಲಾದ ತಪ್ಪು. ಆದರೂ ಕಂಡವರು ಬಾಯಿ ತೆರೆದರೆ ಏನಾಗಬಲ್ಲದು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಸಜೀವ ದಹನವಾದ ಪ್ರಕರಣದಲ್ಲಿ ಸಾಕ್ಷಿಗಳು ತಿರುಗಿ ಬಿದ್ದರು. 2006ರಲ್ಲಿ ಆರೋಪಿಗಳೆಲ್ಲರ ಬಿಡುಗಡೆಯಾಯಿತು. ಹೀಗೆ ಸಾಕ್ಷಿಯ ಮೌನವು ಕೆಲವೊಮ್ಮೆ ನಿರಪರಾಧಿಯನ್ನು ಒಳಗಿಡುತ್ತದೆ, ಕೆಲವೊಮ್ಮೆ ಕೊಂದವರನ್ನು ಹೊರಗೆ ಬಿಡುತ್ತದೆ.

ಕಾನೂನು ಏನೆನ್ನುತ್ತದೆ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಹಳೆಯ ನಿಯಮವೇ ಮುಂದುವರಿದಿದೆ. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ದಾಂಪತ್ಯದಲ್ಲಿ ಹೇಳಿದ ಮಾತನ್ನು ಹೊರಹಾಕುವಂತೆ ಸಾಮಾನ್ಯವಾಗಿ ಬಲವಂತಪಡಿಸುವಂತಿಲ್ಲ. ಆದರೆ ಈ ರಕ್ಷಣೆ ಆಡಿದ ಮಾತಿಗೆ ಮಾತ್ರ. ಕಣ್ಣಾರೆ ಕಂಡ ಕೃತ್ಯಕ್ಕಲ್ಲ. ತಂದೆ, ಮಗ, ಅಣ್ಣ, ತಮ್ಮ, ಮಾವ, ಅಳಿಯ ಇವರಿಗೆ ಇಂಥ ವಿನಾಯಿತಿಯೇ ಇಲ್ಲ. ಕೊಲೆಯಂಥ ಘೋರ ಅಪರಾಧದ ಸಂಗತಿ ತಿಳಿದವರು, ಸಕಾರಣವಿಲ್ಲದಿದ್ದರೆ, ಅದನ್ನು ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸಲೇಬೇಕು. ಕಟಕಟೆಯಲ್ಲಿ ನಿಂತು ಸುಳ್ಳು ನುಡಿದರೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ಶಿಕ್ಷೆ ಆಗಿಹೋದ ಮೇಲೆ ಬಾಗಿಲು ಮುಚ್ಚಿತೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಮೇಲ್ಮನವಿ ಬಾಕಿಯಿರುವಾಗ ಹೊಸ ಸಾಕ್ಷ್ಯ ಅಗತ್ಯವೆಂದು ಕಂಡರೆ ಮೇಲ್ಮನವಿ ನ್ಯಾಯಾಲಯ ಅದನ್ನು ಪಡೆಯಬಹುದು. ನಮ್ಮ ಭಾಗದವರಿಗೆ ಉಚ್ಚ ನ್ಯಾಯಾಲಯದ ಧಾರವಾಡ ಪೀಠವೇ ಹತ್ತಿರ. ಅದೂ ಮುಗಿದಿದ್ದರೆ ಸರ್ವೋಚ್ಚ ನ್ಯಾಯಾಲಯದ ಪುನರ್ವಿಮರ್ಶೆಯಿದೆ, ರಾಜ್ಯಪಾಲರ ಹಾಗೂ ರಾಷ್ಟ್ರಪತಿಗಳ ಕ್ಷಮಾದಾನದ ಅಧಿಕಾರವಿದೆ. ತಡವಾಗಿ ಬಂದ ಸಾಕ್ಷಿಯನ್ನು ನ್ಯಾಯಾಲಯ ಅನುಮಾನದಿಂದಲೇ ನೋಡುತ್ತದೆ. ಇಷ್ಟು ದಿನ ಏಕೆ ಸುಮ್ಮನಿದ್ದೆ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಸಿದ್ಧವಿರಬೇಕು. ಒಂದೊಂದು ವರ್ಷ ಕಳೆದಂತೆ ಆ ಉತ್ತರ ದುರ್ಬಲವಾಗುತ್ತ ಹೋಗುತ್ತದೆ.

ಆದರೆ ಮನುಷ್ಯನ ಸಂಕಟ ಕಲಮುಗಳಲ್ಲಿ ತೀರುವಂಥದಲ್ಲ. ತಂದೆಯ ತಪ್ಪನ್ನು ಮಗ, ಮಗನ ತಪ್ಪನ್ನು ತಂದೆ ಮರೆಮಾಚುವುದರಲ್ಲಿಯೇ ನೇರ ನಡೆ ಇದೆ ಎಂದು ಚೀನಾದ ಕನ್‌ಫ್ಯೂಷಿಯಸ್ ಹೇಳಿದ್ದುಂಟು. ಅದರಲ್ಲಿ ತಿರುಳಿಲ್ಲವೆಂದು ನಾವು ಹೇಳಲಾರೆವು. ಮನೆಯವರನ್ನೇ ನಂಬಲಾಗದ ಸಮಾಜ ಬಾಳಲಾರದು. ಆದರೆ ತುಂಬಿದ ಸಭೆಯಲ್ಲಿ ದ್ರೌಪದಿಗೆ ಅನ್ಯಾಯವಾಗುತ್ತಿದ್ದಾಗ ಎದ್ದು ನಿಂತು ಇದು ಅಧರ್ಮವೆಂದವನು ದುರ್ಯೋಧನನ ತಮ್ಮನಾದ ವಿಕರ್ಣ. ಅವನು ಕುಲದ್ರೋಹಿಯೆಂದು ಯಾರೂ ಇಂದು ಹೇಳುವುದಿಲ್ಲ. ಬಾಯಿ ಮುಚ್ಚಿ ಕುಳಿತ ಹಿರಿಯರನ್ನೇ ಲೋಕ ಇಂದಿಗೂ ಪ್ರಶ್ನಿಸುತ್ತಿದೆ. ನಮ್ಮ ಬೈಬಲಿನ ದಾನಿಯೇಲನ ಗ್ರಂಥದಲ್ಲಿಯೂ ಸುಳ್ಳು ಸಾಕ್ಷಿಯಿಂದ ಮರಣದಂಡನೆಗೆ ಗುರಿಯಾದ ಸುಸನ್ನಳನ್ನು ಉಳಿಸಿದ್ದು ಜನಜಂಗುಳಿಯ ನಡುವೆ ಒಬ್ಬ ತರುಣನ ದನಿ.

ಅಮೆರಿಕದಲ್ಲಿ 1978ರಿಂದ 1995ರವರೆಗೆ ಬಾಂಬುಗಳನ್ನು ಕಳುಹಿಸಿ ಮೂವರನ್ನು ಕೊಂದ ಥಿಯೊಡೋರ್ ಕಾಝಿನ್ಸ್ಕಿಯ ಪ್ರಕರಣವೂ ಇಲ್ಲಿ ಸ್ಮರಣೀಯ. ಪತ್ರಿಕೆಯಲ್ಲಿ ಅಚ್ಚಾದ ಬರಹದ ಧಾಟಿಯಿಂದ ತನ್ನ ಅಣ್ಣನನ್ನು ಗುರುತಿಸಿದ ಡೇವಿಡ್ ಅಧಿಕಾರಿಗಳಿಗೆ ಸುಳಿವಿತ್ತರು. 1996ರಲ್ಲಿ ಅಣ್ಣನ ಬಂಧನವಾಯಿತು. ಅಷ್ಟಕ್ಕೇ ಅವರು ಕೈತೊಳೆದುಕೊಳ್ಳಲಿಲ್ಲ. ಅಣ್ಣನಿಗೆ ಮರಣದಂಡನೆ ಆಗಬಾರದೆಂದು ಹೋರಾಡಿದರು, ಜೀವಾವಧಿ ಶಿಕ್ಷೆಯಾಯಿತು. ಸತ್ಯ ನುಡಿದವನು ಬಂಧುವನ್ನು ತ್ಯಜಿಸಲೇಬೇಕೆಂದಿಲ್ಲ ಎಂಬುದೇ ಇಲ್ಲಿನ ಪಾಠ.

ಆದುದರಿಂದ ನಮ್ಮ ಅಭಿಪ್ರಾಯ ಸ್ಪಷ್ಟ. ಅಣ್ಣನ ಸೆರೆವಾಸ ಅವನ ಕೃತ್ಯದ ಫಲ; ಕೂಲಿಕಾರನ ಸೆರೆವಾಸವಾದರೋ ನಮ್ಮ ಮೌನದ ಫಲ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹಾಗೆಂದು ದುಡುಕುವುದೂ ತರವಲ್ಲ. ಮೊದಲು ಅಣ್ಣನನ್ನೇ ಕೂರಿಸಿಕೊಂಡು, ತಾನಾಗಿ ಒಪ್ಪಿಕೊಳ್ಳುವಂತೆ ಹೇಳಬೇಕು. ಅದಕ್ಕೆ ದಿನಗಳ ಗಡುವಿರಲಿ, ವರ್ಷಗಳದ್ದಲ್ಲ. ಅವನಿಂದ ಪ್ರಾಣಭಯವಿದ್ದರೆ ಆ ಹೆಜ್ಜೆಯನ್ನು ಬಿಟ್ಟು ನೇರವಾಗಿ ವಕೀಲರನ್ನು ಕಾಣಬೇಕು. ಶಿಕ್ಷೆಗೊಳಗಾದವನ ಪರ ವಕೀಲರಿಗೂ ವಿಷಯ ಮುಟ್ಟಬೇಕು. ಸೆರೆಯಲ್ಲಿರುವವನಿಗೆ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ದೊರೆಯುತ್ತದೆ. ಕಟಕಟೆಯಲ್ಲಿ ಕಂಡದ್ದನ್ನಷ್ಟೇ ಹೇಳಬೇಕು. ಊಹೆ, ಹಳೆಯ ಆಸ್ತಿಯ ಕಹಿ, ಹೆಂಗಸರ ನಡುವಿನ ವೈಮನಸ್ಯ ಒಂದಿಷ್ಟೂ ಬೆರೆಯಬಾರದು. ಬೆರೆತರೆ ಒಬ್ಬ ನಿರಪರಾಧಿಯ ಜಾಗಕ್ಕೆ ಇನ್ನೊಬ್ಬನನ್ನು ಕಳುಹಿಸಿದಂತಾದೀತು.

ಸಾಕ್ಷಿಗೆ ಬೆದರಿಕೆಯಿದ್ದರೆ ಏನು ಗತಿ? 2018ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಸಾಕ್ಷಿ ಸಂರಕ್ಷಣಾ ಯೋಜನೆಗೆ ಒಪ್ಪಿಗೆಯಿತ್ತಿತು. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಸಲ್ಲಿಸಿ ಪೊಲೀಸ್ ಕಾವಲು, ಗುಪ್ತ ವಿಚಾರಣೆ ಮೊದಲಾದವನ್ನು ಕೋರುವ ಅವಕಾಶ ಅದರಲ್ಲಿದೆ. ಆದರೆ ಊರಿನ ಬಹಿಷ್ಕಾರ, ನೆಂಟರ ಮುನಿಸು ಇವುಗಳಿಂದ ಯಾವ ಸಮಿತಿಯೂ ಕಾಪಾಡಲಾರದು. ಅಲ್ಲಿ ನೆರವಿಗೆ ಬರಬೇಕಾದವರು ನಾವೇ.

ಇಲ್ಲಿ ಧರ್ಮಸಭೆಯ ಒಂದು ನಿಯಮವನ್ನು ಕುರಿತು ಎರಡು ಮಾತು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ಆದರೆ ಆ ಮುದ್ರೆ ಇರುವುದು ಗುರುಗಳ ತುಟಿಗೆ. ಮನೆಯಲ್ಲಿ ಕಣ್ಣಾರೆ ಕಂಡ ವಿಶ್ವಾಸಿಯ ತುಟಿಗಲ್ಲ. ಗುರುಗಳಿಗೆ ಹೇಳಿ ಮನಸ್ಸು ಹಗುರ ಮಾಡಿಕೊಂಡೆನೆಂದು ಮನೆಗೆ ಮರಳಿದರೆ ಸೆರೆಯಲ್ಲಿರುವವನ ಬಾಗಿಲು ತೆರೆಯುವುದಿಲ್ಲ.

ಸಾಕ್ಷಿ ನುಡಿದು ಬಂದ ತಮ್ಮನ ಮನೆಗೆ ನಾವು ಹೋಗುವೆವೇ? ಸೆರೆಗೆ ಹೋದ ಅಣ್ಣನ ಮಕ್ಕಳ ಶಾಲೆಯ ಶುಲ್ಕಕ್ಕೆ ಕೈ ಚಾಚುವೆವೇ? ಬಿಡುಗಡೆಯಾಗಿ ಬಂದ ಕೂಲಿಕಾರನಿಗೆ ನಮ್ಮ ಹೊಲದಲ್ಲಿ ಕೆಲಸ ಕೊಡುವೆವೇ? ಈ ಮೂರಕ್ಕೂ ಹೌದು ಎನ್ನಬಲ್ಲ ಊರಿನಲ್ಲಿ ಸತ್ಯ ನುಡಿಯುವುದು ಅಷ್ಟು ಕಠಿಣವಾಗಲಾರದು. ಇಲ್ಲವೆನ್ನುವ ಊರು ಆ ತಮ್ಮನ ಮೌನದಲ್ಲಿ ತಾನೂ ಪಾಲುದಾರನೆಂಬುದನ್ನು ಮರೆಯದಿರಲಿ.