ಮಾಳಿಗೆ ಹತ್ತಿದವನ ಹೊಣೆ ಯಾರದು?

ಮನೆಗೆ ಸೋಲಾರ್ ಹಾಕಿಸುವವರ ಕೈಗೆ ಬರುವ ಕೊಟೇಷನ್ನಿನಲ್ಲಿ ಪ್ಯಾನೆಲ್, ಇನ್ವರ್ಟರ್, ಕೇಬಲ್, ಅರ್ಥಿಂಗ್ ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ಮೇಲೆ ಹತ್ತುವ ಹುಡುಗರ ಬೆಲ್ಟು, ಹಗ್ಗಗಳಿಗೆ ಸಾಲು ಇರುವುದು ಅಪರೂಪ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಗುರಿ ಒಂದು ಕೋಟಿ ಮನೆ. 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ. ಅಷ್ಟೂ ಮಾಳಿಗೆಗಳನ್ನು ಯಾರೋ ಹತ್ತಲೇಬೇಕಲ್ಲ?

ಯಾರಾದರೂ ಬಿದ್ದರೆ ‘ಹುಷಾರಾಗಿರಬೇಕಿತ್ತು’ ಎಂದು ನಾವು ಕೈತೊಳೆದುಕೊಳ್ಳುತ್ತೇವೆ. ಆದರೆ ಹುಷಾರಿಗೂ ಒಂದು ಮಿತಿಯಿದೆ. ಇಪ್ಪತ್ತು ಕಿಲೋ ಮೀರಿದ, ಆಳೆತ್ತರದ ಪ್ಯಾನೆಲ್ಲನ್ನು ಇಬ್ಬರು ಎತ್ತಿ ಹಿಡಿದಾಗ ಗಾಳಿ ಬೀಸಿದರೆ, ಹಿಂದಿಟ್ಟ ಹೆಜ್ಜೆ ಎಲ್ಲಿ ಬೀಳುತ್ತದೆಂದು ನೋಡುವ ವ್ಯವಧಾನ ಯಾರಿಗಿರುತ್ತದೆ? ಮೇನ್ ಸ್ವಿಚ್ ಆರಿಸಿದರೂ ಬಿಸಿಲಿರುವ ತನಕ ಪ್ಯಾನೆಲ್ಲಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಅಂಚಿನಲ್ಲಿ ನಿಂತವನು ಆಯ ತಪ್ಪಲು ಸಣ್ಣದೊಂದು ಶಾಕ್ ಸಾಕು. ಹಳೆಯ ಸಿಮೆಂಟ್ ಶೀಟಿನದು ಇನ್ನೂ ಮೋಸ. ನೋಡಲು ಗಟ್ಟಿ. ಪಳಗಿದವರು ಬೋಲ್ಟಿನ ಸಾಲು ಹಿಡಿದೇ ನಡೆಯುತ್ತಾರೆ, ಅದರಡಿ ಆಸರೆಯಿದೆ ಎಂದು. ಒಂದು ಗೇಣು ಆಚೆ ಕಾಲಿಟ್ಟರೆ ಶೀಟು ಒಡೆದು ನೇರ ಕೆಳಗೆ. ಹಲಗೆ ಹಾಸಿಕೊಂಡು ನಡೆಯಬೇಕಾದ ಜಾಗವದು.

ಇನ್ನು ಕಾನೂನಿನ ಆಸರೆ? 1996ರ ಕಟ್ಟಡ ಕಾರ್ಮಿಕರ ಕಾಯ್ದೆಯನ್ನು ಬರೆದದ್ದೇ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗೆ. ಮನೆಗಳಿಗೆ ಬರುವವರು ಇಬ್ಬರು, ಹೆಚ್ಚೆಂದರೆ ಮೂವರು.

‘ಬೆಲ್ಟು ಕೊಟ್ಟರೂ ಹಾಕಿಕೊಳ್ಳುವುದಿಲ್ಲ ಸಾರ್’ ಎನ್ನುವ ಗುತ್ತಿಗೆದಾರರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಹಾಕಿಕೊಂಡು ಸಿಕ್ಕಿಸುವುದು ಎಲ್ಲಿಗೆ? ಪಿವಿಸಿ ಪೈಪಿಗೋ, ಟ್ಯಾಂಕಿನ ಕಾಲಿಗೋ? ಮೆಟ್ಟಿಲ ಕೋಣೆಯ ನೆತ್ತಿಗೆ ಎಷ್ಟೋ ಮನೆಗಳಲ್ಲಿ ಪ್ಯಾರಾಪೆಟ್ಟೂ ಇಲ್ಲ. ನೀರಿನ ಟ್ಯಾಂಕು, ಸೋಲಾರ್ ಹೀಟರು ಕೂರುವುದು ಅಲ್ಲೇ. ಹಾಲಿನಲ್ಲಿ ಉಯ್ಯಾಲೆ ಬೇಕೆಂದರೆ ಸ್ಲ್ಯಾಬಿಗೆ ಕಾಂಕ್ರೀಟು ಸುರಿಯುವ ಮೊದಲೇ ನೆನಪಿಟ್ಟು ಕಬ್ಬಿಣದ ಕೊಕ್ಕೆ ಹಾಕಿಸುವ ನಾವು, ಅದೇ ಸ್ಲ್ಯಾಬಿನ ಮೇಲ್ಮೈಗೆ ಒಂದು ಕೊಕ್ಕೆ ಹಾಕಿಸಿದ್ದುಂಟೆ? ಇದು ಬಡತನವಲ್ಲ, ಉದಾಸೀನ.

ಹಾಗಾಗಿ ಹೊಣೆ ಮೊದಲು ಮನೆಯ ಯಜಮಾನನದು, ಆಮೇಲೆ ಗುತ್ತಿಗೆದಾರನದು, ಹತ್ತುವವನದು ಕೊನೆಗೆ. ಸಬ್ಸಿಡಿ ಕೊಡುವ ಸರ್ಕಾರವೂ ಬೆಲ್ಟು ಸಿಕ್ಕಿಸುವ ಭದ್ರ ಜಾಗವಿದೆಯೇ ಎಂದು ನೋಡಿಯೇ ಹಣ ಬಿಡುಗಡೆ ಮಾಡಲಿ. ಈಗ ಮನೆ ಕಟ್ಟಿಸುತ್ತಿರುವವರು ಸ್ಲ್ಯಾಬ್ ಹಾಕುವ ಮುನ್ನ ನಿಮ್ಮ ಎಂಜಿನಿಯರನ್ನು ಕೇಳಿ: ಬೀಳುವ ಮನುಷ್ಯನ ಭಾರ ತಡೆಯುವ ಕೊಕ್ಕೆ ಮಾಳಿಗೆಯಲ್ಲಿ ಎಲ್ಲೆಲ್ಲಿ ಬರುತ್ತದೆ?