ಒಂದು ಪ್ರೋಟಾನ್, ಎರಡು ತಕ್ಕಡಿ

ಕಡಲೆಯ ಒಂದೇ ಚೀಲ ಒಂದು ತಕ್ಕಡಿಯಲ್ಲಿ 100 ಕಿಲೋ, ಇನ್ನೊಂದರಲ್ಲಿ 96 ಕಿಲೋ ತೂಗಿದರೆ ನಾವೇನು ಮಾಡುತ್ತೇವೆ? ನಡುವಿನ 98 ಎಂದು ಬರೆದು ಖಾತೆ ಮುಚ್ಚುವುದಿಲ್ಲ. ಯಾವ ತಕ್ಕಡಿಯಲ್ಲಿ ದೋಷವಿದೆಯೆಂದು ಹುಡುಕುತ್ತೇವೆ. 2010ರಲ್ಲಿ ಭೌತವಿಜ್ಞಾನಿಗಳಿಗೂ ಇಂಥದೇ ಪೇಚು ಬಂದಿತು.

ಜಲಜನಕದ ಪರಮಾಣುವಿನ ನಡುವೆ ಒಂದು ಪ್ರೋಟಾನ್, ಅದರ ಸುತ್ತ ಒಂದು ಎಲೆಕ್ಟ್ರಾನ್ ಇರುವುದು ಶಾಲೆಯ ಮಕ್ಕಳಿಗೂ ಗೊತ್ತು. ಪ್ರೋಟಾನಿನ ತ್ರಿಜ್ಯವನ್ನು ಅಳೆಯುವ ಮಾನ ಫೆಮ್ಟೋಮೀಟರ್. ಅಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಎಲೆಕ್ಟ್ರಾನಿನ ನೆರವಿನಿಂದ ಅಳೆದಾಗ ಬಂದ ಒಪ್ಪಿತ ತ್ರಿಜ್ಯ 0.8768.

ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯಲ್ಲಿ ರಾಂಡಾಲ್ಫ್ ಪೋಲ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಎಲೆಕ್ಟ್ರಾನಿನ ಜಾಗದಲ್ಲಿ ಮ್ಯೂಆನ್ ಎಂಬ ಕಣವನ್ನು ಕೂರಿಸಿದರು. ಇದರ ತೂಕ ಎಲೆಕ್ಟ್ರಾನಿನ 207 ಪಟ್ಟು. ಆದ್ದರಿಂದ ಅದು ಪ್ರೋಟಾನಿಗೆ ಸುಮಾರು 200 ಪಟ್ಟು ಹತ್ತಿರ ಸುತ್ತುತ್ತದೆ. ಪ್ರೋಟಾನಿನ ಗಾತ್ರದ ಪ್ರಭಾವವೂ ಅದರ ಮೇಲೆ ಲಕ್ಷಾಂತರ ಪಟ್ಟು ಹೆಚ್ಚು. ತೊಂದರೆಯೆಂದರೆ, ಮ್ಯೂಆನಿನ ಆಯುಷ್ಯ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 2 ಭಾಗ ಮಾತ್ರ! ಅಷ್ಟರೊಳಗೆ ಅಳತೆ ಮುಗಿಯಬೇಕು.

ಮ್ಯೂಆನ್ ವಿರಳ ಜಲಜನಕ ಅನಿಲದೊಳಗೆ ಬರುತ್ತಲೇ ಲೇಸರ್ ಹೊತ್ತಿಕೊಳ್ಳುತ್ತದೆ. ಅದರ ಬೆಳಕು ಕಣ್ಣಿಗೆ ಕಾಣದ ಅವಕೆಂಪು. ಆ ಬೆಳಕಿನ ಬಣ್ಣ ಸರಿಯಾಗಿ ಹೊಂದಿದರೆ ಮಾತ್ರ ಮ್ಯೂಆನ್ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಜಿಗಿದು, ಕೆಳಗೆ ಬೀಳುವಾಗ ಕ್ಷ-ಕಿರಣ ಬಿಡುತ್ತದೆ. ಯಾವ ಬಣ್ಣಕ್ಕೆ ಕ್ಷ-ಕಿರಣ ಹೆಚ್ಚಾಯಿತೆಂದು ನೋಡಿ ಪ್ರೋಟಾನಿನ ಗಾತ್ರ ಲೆಕ್ಕಹಾಕುತ್ತಾರೆ. 2009ರಲ್ಲಿ ಆ ಗುರುತು ಸಿಕ್ಕಿತು. ಆದರೆ ಹಳೆಯ ಲೆಕ್ಕ ಹೇಳಿದ ಜಾಗದಲ್ಲಲ್ಲ. 2010ರಲ್ಲಿ ಪ್ರಕಟವಾದ ತ್ರಿಜ್ಯ 0.8418, ಸುಮಾರು 4 ಶೇಕಡಾ ಕಡಿಮೆ.

ಇದು ಕೈತಪ್ಪಿನಿಂದಾದ ವ್ಯತ್ಯಾಸವೆಂದು ತಳ್ಳಿಹಾಕುವಷ್ಟು ಚಿಕ್ಕದಲ್ಲ. ಮ್ಯೂಆನಿಗೂ ಎಲೆಕ್ಟ್ರಾನಿಗೂ ಪ್ರಕೃತಿ ಬೇರೆ ಬೇರೆ ನಿಯಮ ಇಟ್ಟಿದೆಯೇ ಎಂಬ ಪ್ರಶ್ನೆಯೂ ಎದ್ದಿತು. ಹಾಗಿದ್ದರೆ ಭೌತಶಾಸ್ತ್ರದ ಬುನಾದಿಯೇ ಅಲುಗಾಡಬೇಕಾಗಿತ್ತು.

ಆಗ ಹಳೆಯ ತಕ್ಕಡಿಯವರೂ ತಮ್ಮ ತಕ್ಕಡಿಯನ್ನೇ ಮತ್ತೆ ಪರೀಕ್ಷಿಸತೊಡಗಿದರು. 2017ರಲ್ಲಿ ಜರ್ಮನಿಯ ಗಾರ್ಷಿಂಗ್‌ನಲ್ಲಿ ಸಾಮಾನ್ಯ ಜಲಜನಕದಿಂದಲೇ ಚಿಕ್ಕ ಅಳತೆ ಬಂದಿತು. 2018ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ದೊಡ್ಡದೇ ಬಂದಿತು! 2019ರಲ್ಲಿ ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದವರಿಗೆ 0.833, ಅಮೆರಿಕದ ಜೆಫರ್ಸನ್ ಪ್ರಯೋಗಾಲಯದವರಿಗೆ 0.831 ಸಿಕ್ಕಿತು. ಸ್ಥಿರಾಂಕಗಳ ಪಟ್ಟಿ ಮಾಡುವ ಕೊಡಾಟಾ ಸಮಿತಿ ತನ್ನ 2018ರ ಪಟ್ಟಿಯಲ್ಲಿ 0.8414 ಎಂದು ತಿದ್ದಿತು. ಪ್ರಕೃತಿಯ ನಿಯಮ ಬದಲಾಗಲಿಲ್ಲ, ಬದಲಾದದ್ದು ನಮ್ಮ ಅಂಕಿ.

ಇದೇ ವಿಧಾನದಿಂದ 2021ರಲ್ಲಿ ಹೀಲಿಯಂನ ಬೀಜಕೇಂದ್ರವನ್ನೂ ಅಳೆದರು. ಅದರ ತ್ರಿಜ್ಯ 1.678 ಫೆಮ್ಟೋಮೀಟರ್. ಅಲ್ಲಿ ಎಲೆಕ್ಟ್ರಾನಿನ ಅಳತೆಗೂ ಮ್ಯೂಆನಿನ ಅಳತೆಗೂ ತಾಳೆಯಾಯಿತು.

ಎರಡು ವರ್ಷಕ್ಕೊಮ್ಮೆ ತೂಕದ ಬಟ್ಟಿಗೆ ಸರಕಾರಿ ಮುದ್ರೆ ಹಾಕಿಸುವ ನಮಗೆ ಇದು ಹೊಸ ಪಾಠವಲ್ಲ. ಆದರೂ ಲೆಕ್ಕ ಕೂಡದಿದ್ದಾಗ ಎದುರಿನವರ ತಕ್ಕಡಿಯ ಜತೆಗೆ ನಮ್ಮದನ್ನೂ ನೋಡಿಕೊಳ್ಳುವ ಈ ಕಥೆಯನ್ನು ಮನೆಯ ಮಕ್ಕಳಿಗೆ ಹೇಳಿರಿ.