ಉಪ್ಪುನೀರಿನ ತೊಟ್ಟಿಗೆ ಮೊದಲ ದಿನವೇ ಮೀನು ಯಾಕೆ?

ಮಕ್ಕಳ ಹಟಕ್ಕೆ ನಮ್ಮ ಕಡೆ ಮೂರ್ನಾಲ್ಕು ಮನೆಗೆ ಸಮುದ್ರಮೀನಿನ ತೊಟ್ಟಿ ಬಂದಿದೆ. ಅಂಗಡಿಯವರು ತೊಟ್ಟಿ, ಉಪ್ಪು, ಮೀನು ಮೂರನ್ನೂ ಒಂದೇ ದಿನ ಕೊಟ್ಟು ಕಳಿಸ್ತಾರೆ. ಇದು ಸರಿಯಲ್ಲ ಮಾರಾಯ್ರೆ.

ತೋಟಕ್ಕೆ ಯೂರಿಯಾ ಹಾಕಿದ್ರೆ ಅದು ಅಮೋನಿಯಾ ಆಗುತ್ತೆ, ಮಣ್ಣಿನ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡ್ತವೆ. ತೊಟ್ಟಿಯಲ್ಲೂ ಅದೇ ಕೆಲಸ. ಯೂರಿಯಾ ಬದಲು ಮೀನಿನ ಗಲೀಜು, ಉಳಿದ ಮೇವು. ಆದರೆ ಹೊಸ ತೊಟ್ಟಿಯಲ್ಲಿ ಆ ಬ್ಯಾಕ್ಟೀರಿಯಾ ಬೆಳೆದಿರಲ್ಲ. ನೀರು ಕನ್ನಡಿ ಹಾಗಿದ್ರೂ ಅಮೋನಿಯಾ ಮೀನಿನ ಕಿವಿರನ್ನ ಸುಡುತ್ತೆ.

ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪು (ಅಡುಗೆ ಉಪ್ಪಲ್ಲ) ಕರಗಿಸಿ, ಕಲ್ಲು, ಮರಳು ಇಟ್ಟು, ಪಂಪ್ ಓಡಿಸಿ, ಒಂದು ಚೂರು ಹಸಿ ಸಿಗಡಿ ಹಾಕಿ ಬಿಡಿ. ಸಾಮಾನ್ಯವಾಗಿ 4ರಿಂದ 6 ವಾರ. ಟೆಸ್ಟ್ ಕಿಟ್‌ನಲ್ಲಿ ಮೊದಲು ಅಮೋನಿಯಾ ಏರುತ್ತೆ, ಅದು ಇಳಿಯುವಾಗ ನೈಟ್ರೈಟ್ ಏರುತ್ತೆ. ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಮಾತ್ರ ಉಳಿದ ಮೇಲೆ ಒಂದಿಷ್ಟು ನೀರು ಬದಲಿಸಿ, ಒಂದೋ ಎರಡೋ ಮೀನು ಬಿಡಿ.

‘ಗಟ್ಟಿ ಮೀನು ಬಿಟ್ರೂ ತೊಟ್ಟಿ ಹದ ಆಗುತ್ತೆ’ ಅನ್ನೋರಿದ್ದಾರೆ. ಆಗುತ್ತೆ, ಆದರೆ ಅಷ್ಟು ದಿನ ಆ ಮೀನು ವಿಷದಲ್ಲೇ ಈಜಬೇಕು. ಮಾರಾಟಕ್ಕೆ ಬರುವ ಸಮುದ್ರದ ಅಲಂಕಾರಿಕ ಮೀನುಗಳಲ್ಲಿ ಹೆಚ್ಚಿನವು ಸಾಕಿದವಲ್ಲ, ಹವಳದ ದಿಬ್ಬದಿಂದ ಹಿಡಿದು ತಂದವು. ಸಿಗಡಿ ಚೂರು ಮಾಡೋ ಕೆಲಸಕ್ಕೆ ಒಂದು ಜೀವ ಯಾಕೆ ಕೊಡಬೇಕು?

ನೀರು ಆವಿಯಾಗಿ ಇಳಿದ್ರೆ ಕ್ಲೋರಿನ್ ಇಲ್ಲದ ಸಿಹಿನೀರು ಮಾತ್ರ ಹಾಕಿ, ಉಪ್ಪು ತೊಟ್ಟಿಯಲ್ಲೇ ಉಳಿದಿರುತ್ತೆ. ಸಿಗಡಿ ಕೆರೆ ಮಾಡಿದವರಿಗೆ ಇದನ್ನ ಹೇಳೋದೇ ಬೇಡ.